ಕೆಲಸದಿಂದ ಬಂದ ಸೋಂಕು: ಮಾಲೀಕರು ಬರೆದಿಡಬೇಕಾದ್ದೇನು?

ಮಷೀನಿಗೆ ಸಿಕ್ಕಿ ಬೆರಳು ತುಂಡಾದರೆ ಅದು ಕೆಲಸದ ಅಪಘಾತ ಅಂತ ಎಲ್ಲರೂ ಒಪ್ತಾರೆ. ಕ್ಷಯದ ವಾರ್ಡಿನಲ್ಲಿ ದುಡಿಯುವ ನರ್ಸ್‌ಗೆ ಕ್ಷಯ ಬಂದರೆ? ಚರಂಡಿ ಸ್ವಚ್ಛ ಮಾಡುವವರಿಗೆ ಇಲಿ ಜ್ವರ, ಮಲೆನಾಡಿನ ಅರಣ್ಯ ವಾಚರ್‌ಗೆ ಮಂಗನ ಕಾಯಿಲೆ ಬಂದರೆ? ‘ಎಲ್ಲಿಂದ ಬಂತೋ ಯಾರಿಗೆ ಗೊತ್ತು’ ಅನ್ನೋ ಉತ್ತರ ರೆಡಿ ಇರುತ್ತೆ. ನಮ್ಮ ಕಾನೂನಿನಲ್ಲಿ ಇದಕ್ಕೆ ಎರಡು ಪಟ್ಟಿಗಳಿವೆ. ಸಮಸ್ಯೆ ಏನಂದ್ರೆ, ಅವೆರಡೂ ಒಂದಕ್ಕೊಂದು ತಾಳೆಯಾಗಲ್ಲ.

ಪರಿಹಾರದ ಪಟ್ಟಿ

1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಮೊದಲ ಹೆಸರೇ ಸೋಂಕು ರೋಗಗಳದ್ದು. ಆಸ್ಪತ್ರೆ, ಲ್ಯಾಬ್, ಪಶುವೈದ್ಯಕೀಯ, ಪ್ರಾಣಿಗಳ ಕಳೇಬರ ನಿರ್ವಹಣೆ, ಜೊತೆಗೆ ‘ಸೋಂಕಿನ ವಿಶೇಷ ಅಪಾಯವಿರುವ ಇತರೆ ಕೆಲಸ’ ಎಲ್ಲವೂ ಇದರಲ್ಲಿ ಬರುತ್ತವೆ. ಇಂಥ ಕೆಲಸದಲ್ಲಿ ಆ ಕೆಲಸಕ್ಕೇ ಸಂಬಂಧಿಸಿದ ರೋಗ ಬಂದರೆ ಅದನ್ನು ಕೆಲಸದ ಗಾಯ ಅಂತಲೇ ಪರಿಗಣಿಸಬೇಕು. ಅಲ್ಲ ಅನ್ನುವವರು ಸಾಬೀತು ಮಾಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಪಟ್ಟಿಯನ್ನು ಉಳಿಸಿಕೊಂಡಿದೆ.

ವರದಿಯ ಪಟ್ಟಿ

ಕಾರ್ಮಿಕರಿಗೆ ಯಾವ ರೋಗ ಬಂದರೆ ಮಾಲೀಕರು ಅಧಿಕಾರಿಗಳಿಗೆ ತಿಳಿಸಲೇಬೇಕು ಅನ್ನೋದು 1948ರ ಕಾರ್ಖಾನೆ ಕಾಯ್ದೆಯ 89ನೇ ಕಲಮಿನಲ್ಲಿತ್ತು. ಈಗ ಅದು ಔದ್ಯೋಗಿಕ ಸುರಕ್ಷತಾ ಸಂಹಿತೆಯ 12ನೇ ಕಲಮು. ಆ ಪಟ್ಟಿಯಲ್ಲಿರುವ 29 ರೋಗಗಳಲ್ಲಿ ಸೀಸ, ಪಾದರಸದಂಥ ವಿಷ ಮತ್ತು ಸಿಲಿಕೋಸಿಸ್‌ನಂಥ ದೂಳಿನ ಕಾಯಿಲೆಗಳೇ ಹೆಚ್ಚು. ಸೋಂಕು ರೋಗ ಅಂತ ಇರೋದು ಆಂಥ್ರಾಕ್ಸ್ ಒಂದೇ. ಕ್ಷಯ ಪತ್ತೆಯಾದರೆ ವೈದ್ಯರು ಆರೋಗ್ಯ ಇಲಾಖೆಗೆ ತಿಳಿಸಬೇಕು, ನಿಜ. ಆದರೆ ಅದು ಮಾಲೀಕರ ಮೇಲಿನ ಹೊಣೆ ಅಲ್ಲ.

ಅಂದ್ರೆ, ಪರಿಹಾರ ಕೇಳೋ ಹಕ್ಕು ಕಾರ್ಮಿಕರಿಗಿದೆ. ಅದಕ್ಕೆ ಬೇಕಾದ ದಾಖಲೆ ಮಾತ್ರ ಎಲ್ಲೂ ಹುಟ್ಟೋದೇ ಇಲ್ಲ.

ಬೇರೆ ಕಡೆ ಹೇಗಿದೆ?

ಅಮೆರಿಕದಲ್ಲಿ ಮಾಮೂಲಿ ನೆಗಡಿ, ಫ್ಲೂ ಬಿಟ್ಟು, ಕೆಲಸದಿಂದ ಬಂದ ಸೋಂಕಿಗೆ ರಜೆ ಅಥವಾ ಪ್ರಥಮ ಚಿಕಿತ್ಸೆಗೂ ಮೀರಿದ ಚಿಕಿತ್ಸೆ ಬೇಕಾದರೆ, ನಿಯಮದ ವ್ಯಾಪ್ತಿಯಲ್ಲಿರುವ ಮಾಲೀಕರು ಅದನ್ನು ರಿಜಿಸ್ಟರ್‌ನಲ್ಲಿ ಬರೆಯಬೇಕು. ಆ ರಿಜಿಸ್ಟರನ್ನು 5 ವರ್ಷ ಕಾಪಾಡಬೇಕು. ಅಲ್ಲಿ ಬರೆದಿಡೋದು ತಪ್ಪೊಪ್ಪಿಗೆಯಲ್ಲ, ಬರೀ ಲೆಕ್ಕ.

ಕಾರ್ಮಿಕರು ಏನು ಮಾಡಬಹುದು?

• ಕಾಯಿಲೆಯ ಬಗ್ಗೆ ಮಾಲೀಕರಿಗೆ ಬರವಣಿಗೆಯಲ್ಲೇ ತಿಳಿಸಿ, ಸ್ವೀಕೃತಿ ಪಡೆಯಿರಿ.
• ಕೆಲಸ ಏನು, ಎಷ್ಟು ಸಮಯದಿಂದ ಅನ್ನೋದನ್ನ ಕೇಸ್ ಶೀಟಿನಲ್ಲಿ ಬರೆಯಲು ವೈದ್ಯರನ್ನು ಕೇಳಿ.
• ಕಾಯಿಲೆಯಿಂದ ರಜೆ ಹಾಕಿದ ಮೊದಲ ದಿನ ಗುರುತಿಟ್ಟುಕೊಳ್ಳಿ. ಕ್ಲೇಮಿಗೆ ಇರೋದು 2 ವರ್ಷದ ಗಡುವು.

ಗುತ್ತಿಗೆ ಕಾರ್ಮಿಕರಿಗೆ ಇದು ಇನ್ನೂ ಮುಖ್ಯ: ಗುತ್ತಿಗೆದಾರ ಬದಲಾದರೆ ಹಾಜರಿ ಪುಸ್ತಕವೂ ಅವನ ಜೊತೆಗೇ ಹೋಗಿಬಿಡಬಹುದು. ಹಾಗಾಗಿ ಯೂನಿಯನ್‌ಗಳ ಬೇಡಿಕೆ ಪಟ್ಟಿಯಲ್ಲಿ ಕೂಲಿಯ ಪಕ್ಕದಲ್ಲೇ ‘ಸೋಂಕಿನ ರಿಜಿಸ್ಟರ್’ ಕೂಡ ಇರಬೇಕು.