ಪಾಕಗ್ರಂಥಗಳ ಮುದ್ರಣದಲ್ಲಿ ರಳಾಕ್ಷರ

ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (ಸು. ಕ್ರಿ.ಶ. 1025) ಸೂಪಶಾಸ್ತ್ರಕ್ಕೆ ಒಂದು ಭಾಗವೇ ಮೀಸಲಾಗಿದೆ, ಸುಮಾರು 1508ರಲ್ಲಿದ್ದ ಜೈನಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಾದರೋ ಷಟ್ಪದಿಯಲ್ಲಿದೆ. ಇಂತಹ ಕೃತಿಗಳನ್ನು ಓಲೆಯಿಂದ ಅಚ್ಚಿಗೆ ತರುವಾಗ ಮೊದಲು ಎದುರಾಗುವುದು ಅಕ್ಷರದ ಪ್ರಶ್ನೆ. ಅನ್ನವಾಚಕವಾದ ‘ಕೂೞ್’, ಫಲವಾಚಕವಾದ ‘ಬಾೞೆ’ ಇವೆರಡರಲ್ಲಿಯೂ ಇರುವುದು ರಳ. ಅಚ್ಚುಮೊಳೆಗಳಲ್ಲಿ ಅದಿಲ್ಲದಿದ್ದರೆ ‘ಕೂೞ್’ ಎಂಬುದು ‘ಕೂಳ್’ ಎಂದಾಗಿ, ಪದದ ಪ್ರಾಚೀನರೂಪದ ಸಾಕ್ಷ್ಯವೇ ಅಳಿಯುತ್ತದೆ. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಪ್ರಕಟಿಸಿದ ಕಿಟ್ಟೆಲ್ ಕೋಶವು ರಳವನ್ನು ಪ್ರತ್ಯೇಕವಾಗಿಯೇ ಅಚ್ಚಿಸಿದುದು ಸಣ್ಣ ಸಂಗತಿಯಲ್ಲ.

ರಾಗಿ, ನವಣೆ, ಸಾಮೆಗಳ ಸೀಮೆಯಾದ ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರು, ಹೊಸದುರ್ಗಗಳ ಆಡುಮಾತಿನಲ್ಲಿ ಉಳಿದಿರುವುದು ‘ಕೂಳು’. ಅದೂ ಹೆಚ್ಚಾಗಿ ತುಚ್ಛಾರ್ಥದಲ್ಲಿ. ಈ ಮಾತನ್ನು ಹಳಗನ್ನಡದ ಗೌರವಪದದೊಡನೆ ಜೋಡಿಸಿ ತೋರಿಸುವುದು ಆ ಒಂದು ಮೊಳೆ. ಆದರೆ ಮಂಗರಸನ ಕಾಲಕ್ಕೆ ರಳದ ಉಚ್ಚಾರಣೆ ಬಹುಮಟ್ಟಿಗೆ ಲೋಪಗೊಂಡಿದ್ದುದರಿಂದ, ಓಲೆಯಲ್ಲಿ ಇಲ್ಲದ ರಳವನ್ನು ಅವನ ಪಾಠದೊಳಗೆ ತುಂಬುವುದು ಸಂಪಾದಕನಿಗೆ ಯುಕ್ತವಲ್ಲ.