ಅಳಿಸಿದ ಕೋಡು

ಹೋದ ವರ್ಷ ದಸರಾ ರಜೆಗೆ ಊರಿಗೆ ಹೋದಾಗ ಮಾವನ ಗಾಡಿ ಅಂಗಳದಲ್ಲೇ ನಿಂತಿತ್ತು. ಟ್ರಿಪ್ಪಿನ ಸೀಸನ್ನಿನಲ್ಲಿ ಗಾಡಿ ನಿಂತಿದೆ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ನಮ್ಮೂರು ಬಿಡದಿಯಿಂದ ಐದಾರು ಕಿಲೋಮೀಟರ್ ಒಳಗೆ. ಮಾವ ಬೆಂಗಳೂರಿನ ಐಟಿ ಕಂಪನಿಗಳಿಗೆ ಕ್ಯಾಬ್ ಓಡಿಸ್ತಾರೆ. ಬಿಎಸ್ 6 ಬಂದ ಮೇಲೆ ತಗೊಂಡ ಏಳು ಸೀಟಿನ ಡೀಸೆಲ್ ಗಾಡಿ, ಲೋನು ಇನ್ನೂ ಎರಡು ವರ್ಷ ಬಾಕಿ.

"ಹಳದಿ ಲೈಟ್ ಬತ್ತಾ ಐತೆ ಕಣ್ಲಾ. ಪಿಕಪ್ಪೇ ಇಲ್ಲ, ಏರು ಬಂದ್ರೆ ಎಳೀತಾನೇ ಇಲ್ಲ" ಅಂದ್ರು. ಒಂದು ಗ್ಯಾರೇಜಿನವರು ಸೈಲೆನ್ಸರ್ ಸಾಲಿನಲ್ಲಿರುವ ಫಿಲ್ಟರ್ ಪೂರ್ತಿ ಕಟ್ಟಿಕೊಂಡಿದೆ, ಹೊಸದು ಹಾಕಬೇಕು, ಲಕ್ಷದ ಮೇಲಾಗುತ್ತೆ ಅಂದಿದ್ದರಂತೆ. ಇನ್ನೊಂದು ಕಡೆ, ಫಿಲ್ಟರಿನ ಒಳಗಿರೋದನ್ನೆಲ್ಲ ಕೊರೆದು ತೆಗೆದು, ಲೈಟು ಬರದ ಹಾಗೆ ಸಾಫ್ಟ್‌ವೇರ್ ಹಾಕ್ಕೊಡ್ತೀವಿ, 25 ಸಾವಿರ ಕೊಡಿ ಅಂತ.

"ನೀನು ಸಾಫ್ಟ್‌ವೇರ್ ಅಲ್ವೇನ್ಲಾ? ಅದೇನ್ ಹಾಕ್ತಾರೋ ನೋಡಿ ಹೇಳು."

ಊರಿನವರ ಪ್ರಕಾರ ಸಾಫ್ಟ್‌ವೇರ್ ಅಂದರೆ ಟಿವಿ ರಿಮೋಟಿನಿಂದ ಪಹಣಿ ವೆಬ್‌ಸೈಟಿನವರೆಗೆ ಎಲ್ಲ ಬರಬೇಕು. ನನಗೆ ಕಾರಿನ ಎಂಜಿನ್ ಬಗ್ಗೆ ಗೊತ್ತಿದ್ದದ್ದು ಬಿಇ ಮೊದಲ ವರ್ಷದ ಮೆಕ್ಯಾನಿಕಲ್ ಪೇಪರಿನಷ್ಟೆ, ಅದೂ ಗ್ರೇಸ್ ಮಾರ್ಕ್ಸ್ ಹತ್ತಿರದ್ದು. ಆದರೆ ಲಕ್ಷ ರೂಪಾಯಿ ಒಂದು ಕಡೆ, ಸುಳ್ಳು ಹೇಳುವ ಸಾಫ್ಟ್‌ವೇರ್ ಇನ್ನೊಂದು ಕಡೆ ಇಟ್ಟು ಆರಿಸಿಕೊಡು ಅಂದಾಗ ಸುಮ್ಮನೆ ಕೂರೋಕೆ ಆಗಲಿಲ್ಲ. ಆ ಒಂದು ವಾರ ಓದಿದ್ದು, ಮಾಡಿದ್ದು ಎರಡೂ ಇಲ್ಲಿದೆ.

ಡೀಸೆಲ್ ಗಾಡಿಯ ಕಾಯಿಲೆ ಹಿಡಿಯೋಕೆ ಮೊದಲೆಲ್ಲ ಕಣ್ಣು, ಮೂಗು ಸಾಕಿತ್ತು. ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ ಇಲ್ಲವೇ ಗಾಳಿ ಕಮ್ಮಿ. ನೀಲಿ ಬಂದರೆ ಎಂಜಿನ್ ಆಯಿಲ್ ಉರೀತಿದೆ. ಬಿಳಿ ಬಂದರೆ ಡೀಸೆಲ್ ಸರಿಯಾಗಿ ಉರೀತಿಲ್ಲ, ಇಲ್ಲ ನೀರು ಸೇರಿದೆ. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪನಿ ಡೀಸೆಲ್ ಪಂಪು, ನಾಜಲ್ ಮಾಡೋದರಲ್ಲೇ ಹೆಸರಾಯಿತು. ಲಾರಿ, ಬಸ್ಸು, ಟ್ರಾಕ್ಟರಿನ ಹೊಗೆ ಹೆಚ್ಚಾದರೆ ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಒಯ್ಯೋದು, ನಾಜಲ್ ಒತ್ತಿ ಸ್ಪ್ರೇ ನೋಡೋದು, ಇಷ್ಟೇ ರೋಗನಿದಾನ. ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿತು, ಆಮೇಲೆ ಆಡುಗೋಡಿಯ ಆ ಪಂಪಿನ ಕೆಲಸ ನಮ್ಮ ಬಿಡದಿಗೇ ಬಂತು. ಮೈಕೋ ಲೇಔಟಿನ ಹೆಸರು ಮಾತ್ರ ಅಲ್ಲೇ ಉಳೀತು.

ಕಣ್ಣಿಗೆ ಕಾಣದ ಹೊಗೆಯ ಕಥೆ ಶುರುವಾಗಿದ್ದು ಅಮೆರಿಕದ ಲಾಸ್ ಏಂಜಲೀಸಿನಲ್ಲಿ. 1940ರ ದಶಕದಲ್ಲಿ ಆ ಊರಿನ ಮೇಲೆ ಕಂದು ಮಂಜು ಕವಿದು ಜನರ ಕಣ್ಣು ಉರಿಯತೊಡಗಿತು. ಕ್ಯಾಲ್ಟೆಕ್‌ನಲ್ಲಿ ಅನಾನಸ್ ಹಣ್ಣಿನ ಪರಿಮಳ ಯಾವುದರಿಂದ ಬರುತ್ತೆ ಅಂತ ಹುಡುಕುತ್ತಿದ್ದ ಹಾಗೆನ್-ಸ್ಮಿಟ್ ಅನ್ನೋ ಡಚ್ ಮೂಲದ ವಿಜ್ಞಾನಿ ಈ ಗಾಳಿಯನ್ನೂ ಹಿಡಿದು ನೋಡಿದರು. ಕಾರುಗಳ ಹೊಗೆಯಲ್ಲಿರುವ ಹೈಡ್ರೋಕಾರ್ಬನ್ನು, ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಸೇರಿ ಈ ಮಂಜು ಆಗ್ತಿದೆ ಅಂತ ತೋರಿಸಿದರು. ನೈಟ್ರೋಜನ್ ಆಕ್ಸೈಡನ್ನು ಅಳೆಯೋಕೆ ಯಾವ ಮೇಸ್ತ್ರಿಯ ಕಣ್ಣಿಗೂ ಆಗಲ್ಲ. ಕ್ಯಾಲಿಫೋರ್ನಿಯಾ ಮೊದಲು ಹೊಗೆಗೆ ಮಿತಿ ಹಾಕಿತು. ಶೋರೂಮಿನಿಂದ ಬಂದ ದಿನ ಪಾಸಾದ ಕಾರು ಐದು ವರ್ಷದ ಮೇಲೆ ಏನು ಉಗುಳುತ್ತೆ ಅಂತ ಕಾಯೋರು ಯಾರು? ಕಾರೇ ತನ್ನ ಮೇಲೆ ತಾನು ನಿಗಾ ಇಡಲಿ ಅಂದರು. 1988ರ ಮಾಡೆಲ್‌ಗಳಿಂದ ಅಲ್ಲಿ ಒಬಿಡಿ ಕಡ್ಡಾಯವಾಯಿತು.

ಮೊದಲ ಒಬಿಡಿ ನಮ್ಮ ಹಳೇ ಮೊಬೈಲ್ ಚಾರ್ಜರುಗಳ ಕಾಲದ ಹಾಗೆ. ಒಂದೊಂದು ಕಂಪನಿಗೆ ಒಂದೊಂದು ಪಿನ್ನು, ಒಂದೊಂದು ಭಾಷೆ. 1996ರಿಂದ ಅಮೆರಿಕದಲ್ಲಿ ಎಲ್ಲ ಕಾರಿಗೂ ಸ್ಟೀರಿಂಗ್ ಕೆಳಗೆ ಒಂದೇ ತರದ 16 ಪಿನ್ನಿನ ಸಾಕೆಟ್ಟು, ಒಂದೇ ತರದ ಕೋಡುಗಳು ಬಂದವು. ಹೊಗೆ ಮಿತಿಯ ಸುಮಾರು ಒಂದೂವರೆ ಪಟ್ಟು ದಾಟುವಷ್ಟು ಯಾವುದಾದರೂ ಭಾಗ ಕೆಟ್ಟರೆ ಲೈಟು ಹತ್ತಬೇಕು. ಹತ್ತಿದ ಆ ಕ್ಷಣದಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಅನ್ನೋ ಒಂದು ಚಿತ್ರವನ್ನೂ ಉಳಿಸಿಡಬೇಕು. ಇದಕ್ಕೆ ಫ್ರೀಜ್ ಫ್ರೇಮ್ ಅಂತ ಹೆಸರು. ಪ್ರೊಡಕ್ಷನ್ ಸರ್ವರ್ ಬಿದ್ದಾಗ ರಾತ್ರಿ ಎರಡಕ್ಕೆ ಎದ್ದು ಲಾಗ್ ನೋಡಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಬಿಡದಿಗೆ ಈ ಕಥೆ ಬಂದದ್ದು ಟೊಯೋಟ ಜೊತೆ. 1997ರಲ್ಲಿ ಟೊಯೋಟ ಕಿರ್ಲೋಸ್ಕರ್ ಕಂಪನಿ ಆಯಿತು, 2000ದ ಜನವರಿಯಲ್ಲಿ ಕ್ವಾಲಿಸ್ ರಸ್ತೆಗಿಳೀತು. ಅದೇ ವರ್ಷದ ಏಪ್ರಿಲಿನಲ್ಲಿ ದೇಶದಾದ್ಯಂತ ಯುರೋಪ್ ಮಾದರಿಯ ಮೊದಲ ಹೊಗೆ ನಿಯಮವೂ ಬಂತು. ನಾನಾಗ ಶಾಲೆಯಲ್ಲಿದ್ದೆ. ತಟ್ಟೆ ಇಡ್ಲಿ ಹೋಟೆಲ್ಲುಗಳ ಮುಂದೆ ಹೊಸ ಗಾಡಿ ತುಂಬಿದ ಟ್ರೈಲರುಗಳು ಸಾಲಾಗಿ ಹೋಗೋದನ್ನ ಎಣಿಸೋದೇ ನಮ್ಮ ಆಟ. 2005ರಲ್ಲಿ ಕ್ವಾಲಿಸ್ ಹೋಗಿ ಇನ್ನೋವಾ ಬಂತು. ಅದರ ಡೀಸೆಲ್ ಎಂಜಿನ್ ಕಾಮನ್ ರೈಲ್ ತರದ್ದು. ಅಂದರೆ ಡೀಸೆಲ್ ಯಾವಾಗ, ಎಷ್ಟು ಚಿಮ್ಮಬೇಕು ಅಂತ ತೀರ್ಮಾನ ಮಾಡೋದು ಪಂಪಲ್ಲ, ಇಸಿಯು ಅನ್ನೋ ಕಂಪ್ಯೂಟರು. ಪಂಪ್ ಮೇಸ್ತ್ರಿಗಳ ಕೈಯಿಂದ ವಿದ್ಯೆ ಜಾರತೊಡಗಿದ್ದು ಈ ತರದ ಗಾಡಿಗಳಿಂದ.

2010ರಲ್ಲಿ ಬೆಂಗಳೂರು ಸೇರಿ ದೊಡ್ಡ ನಗರಗಳಿಗೆ ಬಿಎಸ್ 4 ಬಂತು, ಜೊತೆಗೆ ಒಬಿಡಿಯ ಮೊದಲ ಹಂತ. 2013ಕ್ಕೆ ಎರಡನೇ ಹಂತ. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತ 2000 ಸಿಸಿ ಮತ್ತು ಮೇಲಿನ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿದಾಗ ಇನ್ನೋವಾ, ಫಾರ್ಚೂನರ್ ಎರಡೂ ಅದರಡಿ ಬಂದವು. ದೆಹಲಿಯ ಹೊಗೆಗೆ ಬಿಡದಿಯಲ್ಲಿ ಕೆಮ್ಮು. ಎಂಟು ತಿಂಗಳ ಮೇಲೆ ಶೇ 1ರ ಸೆಸ್ ಹಾಕಿ ಕೋರ್ಟು ಬಿಟ್ಟುಕೊಟ್ಟಿತು. ಬಿಎಸ್ 5 ಹಾರಿ 2020ರ ಏಪ್ರಿಲಿಗೆ ನೇರ ಬಿಎಸ್ 6. ಸಾಮಾನ್ಯ ಡೀಸೆಲ್ ಕಾರು ಕಿಲೋಮೀಟರಿಗೆ ಬಿಡಬಹುದಾದ ಮಸಿ 25 ಮಿಲಿಗ್ರಾಮಿನಿಂದ 4.5ಕ್ಕೆ, ನೈಟ್ರೋಜನ್ ಆಕ್ಸೈಡು 250ರಿಂದ 80ಕ್ಕೆ ಇಳೀತು. ಡೀಸೆಲಿನ ಗಂಧಕ 50 ಪಿಪಿಎಂನಿಂದ 10ಕ್ಕೆ. ಈ ಲೆಕ್ಕ ನಮಗೆ ಬೇಡ ಅಂತ ಮಾರುತಿ ಡೀಸೆಲ್ ಕಾರು ಮಾಡೋದನ್ನೇ ಬಿಟ್ಟಿತು.

ಮಸಿ 4.5ಕ್ಕೆ ಇಳಿಸೋಕೆ ಬಂದದ್ದೇ ಮಾವನ ಗಾಡಿಯಲ್ಲಿ ಕಟ್ಟಿಕೊಂಡ ಆ ಫಿಲ್ಟರು, ಡಿಪಿಎಫ್. ಜೇನುಗೂಡಿನಂಥ ಪಿಂಗಾಣಿ ಕೊಳವೆಗಳು, ಒಂದು ಬಿಟ್ಟು ಒಂದರ ಬಾಯಿ ಮುಚ್ಚಿರುತ್ತೆ. ಹೊಗೆ ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ನುಸುಳಬೇಕು, ಮಸಿ ಇಲ್ಲೇ ಉಳೀಬೇಕು. ಅಜ್ಜಿ ಸೌದೆ ಒಲೆಯ ಹೊಗೆಗೂಡನ್ನ ಆಗಾಗ ಗುಡಿಸ್ತಿದ್ದಳಲ್ಲ, ಹಾಗೆ ಇದನ್ನೂ ಚೊಕ್ಕ ಮಾಡಬೇಕು. ಕಾರು ಅದನ್ನ ತಾನೇ ಮಾಡ್ಕೊಳ್ಳುತ್ತೆ. ಸ್ವಲ್ಪ ಹೆಚ್ಚು ಡೀಸೆಲ್ ಚಿಮ್ಮಿಸಿ, ಫಿಲ್ಟರನ್ನ 600 ಡಿಗ್ರಿ ಆಸುಪಾಸಿಗೆ ಕಾಯಿಸಿ ಮಸಿ ಸುಡುತ್ತೆ. ಇದಕ್ಕೆ ರೀಜನರೇಷನ್ ಅಂತಾರೆ. ಆದರೆ ಇಸಿಯು ಇದನ್ನ ಶುರು ಮಾಡಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಗಾಡಿ ಒಂದಷ್ಟು ಹೊತ್ತು ಒಂದೇ ಸಮ ಓಡಬೇಕು.

ಗ್ಯಾರೇಜಿನವರ 25 ಸಾವಿರದ ಸಾಫ್ಟ್‌ವೇರಿಗೂ ಒಂದು ದೊಡ್ಡಣ್ಣ ಇದ್ದಾನೆ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ 2013ರಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಡಿಕ್ಕಿಯಲ್ಲಿ ಅಳತೆಯ ಯಂತ್ರ, ಜನರೇಟರು ತುಂಬಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಿತು. ಡ್ಯಾನ್ ಕಾರ್ಡರ್ ಕೈಕೆಳಗೆ ಮಾರ್ಕ್ ಬೆಶ್, ಅರವಿಂದ್ ತಿರುವೆಂಗಡಂ ಮತ್ತು ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ. ಲ್ಯಾಬಿನಲ್ಲಿ ಪಾಸಾಗಿದ್ದ ಜೆಟ್ಟಾ ರಸ್ತೆಯಲ್ಲಿ ಮಿತಿಯ 35 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿತ್ತು. ಲೈಟು ಮಾತ್ರ ಹತ್ತಿರಲಿಲ್ಲ! 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಬಯಲು ಮಾಡಿದ್ದು ಇಷ್ಟೆ: ಸ್ಟೀರಿಂಗ್ ತಿರುಗುತ್ತಿದೆಯಾ, ವೇಗ ಎಷ್ಟು, ಎಂಜಿನ್ ಎಷ್ಟು ಹೊತ್ತಿಂದ ಓಡ್ತಿದೆ, ಗಾಳಿಯ ಒತ್ತಡ ಎಷ್ಟು ಅಂತ ನೋಡಿ, ಇದು ಪರೀಕ್ಷೆ ಅನ್ನಿಸಿದರೆ ಮಾತ್ರ ಸಾಫ್ಟ್‌ವೇರು ಸಾಚಾ ಆಗ್ತಿತ್ತು. ಒಂದು ಇಫ್ ಕಂಡಿಷನ್ನು, ಪ್ರಪಂಚದಾದ್ಯಂತ 1 ಕೋಟಿ 10 ಲಕ್ಷ ಗಾಡಿಗಳಲ್ಲಿ. ಭಾರತದಲ್ಲೇ 3 ಲಕ್ಷಕ್ಕೂ ಹೆಚ್ಚು ಕಾರು ವಾಪಸ್ ಕರೆಸಿಕೊಂಡರು. ಕಪ್ಪಣ್ಣ ಆಮೇಲೆ ಜನರಲ್ ಮೋಟರ್ಸ್ ಸೇರಿದ್ದರು. 2019ರಲ್ಲಿ ಕಂಪನಿ ಸಾವಿರಾರು ಜನರನ್ನ ತೆಗೆದಾಗ ಅವರ ಕೆಲಸವೂ ಹೋಯಿತು, ಬೆಂಗಳೂರಿಗೆ ವಾಪಸ್ ಬಂದರು. ಲೇಆಫ್ ಮೇಲ್ ಬಂದವರಿಗೆ ಇದು ಗೊತ್ತಿರಲಿ ಅಂತ ಬರೆದೆ.

ಬಿಡದಿಗೂ ಇದರ ಒಂದು ಸಣ್ಣ ಬಿಸಿ ತಟ್ಟಿತ್ತು. 2024ರ ಜನವರಿಯಲ್ಲಿ ಜಪಾನಿನ ಟೊಯೋಟ ಇಂಡಸ್ಟ್ರೀಸ್‌ನವರು ಕೆಲವು ಡೀಸೆಲ್ ಎಂಜಿನ್ನುಗಳ ಹಾರ್ಸ್‌ಪವರ್ ಪರೀಕ್ಷೆಗೆ, ಮಾರುವ ಗಾಡಿಯಲ್ಲಿ ಇರೋದಕ್ಕಿಂತ ಬೇರೆ ಸಾಫ್ಟ್‌ವೇರಿನ ಇಸಿಯು ಬಳಸಿದ್ದು ಹೊರಬಂತು. ಇಲ್ಲಿಂದ ಹೋಗುವ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಕೆಲ ದಿನ ನಿಂತು ಆಮೇಲೆ ಹೊರಟವು. ಅದು ಹೊಗೆಯ ವಿಷಯವಲ್ಲ, ಶಕ್ತಿಯ ಅಂಕಿ ನುಣುಪಾಗಿ ಕಾಣಲಿ ಅಂತ ಮಾಡಿದ್ದು. ಆದರೂ ಓದಿದಾಗ ನನಗೆ ಯಾಕೋ ನಗು ಬಂತು. ಡೆಮೋಗೆ ಒಂದು ಬಿಲ್ಡು, ಕ್ಲೈಂಟಿಗೆ ಇನ್ನೊಂದು ಬಿಲ್ಡು ಕೊಟ್ಟ ಪಾಪ ನಮ್ಮಲ್ಲಿ ಯಾರಿಗಿಲ್ಲ?

ಮಾವನ ಗಾಡಿಗೆ ಬರೋಣ. ಆನ್‌ಲೈನಿನಲ್ಲಿ ತರಿಸಿದ ಬ್ಲೂಟೂತ್ ಅಡಾಪ್ಟರನ್ನ ಆ 16 ಪಿನ್ನಿಗೆ ಚುಚ್ಚಿ ಮೊಬೈಲಿನಲ್ಲಿ ಓದಿದೆ. ದಾಖಲಾಗಿದ್ದ ಕೋಡು ಪಿ2463, ಅಂದರೆ ಫಿಲ್ಟರಿನಲ್ಲಿ ಮಸಿ ಜಾಸ್ತಿ. ಗ್ಯಾರೇಜಿನವರು ಹೇಳಿದ್ದು ಸುಳ್ಳಲ್ಲ. ಆದರೆ ಮಸಿ ಯಾಕೆ ಸುಟ್ಟಿಲ್ಲ ಅನ್ನೋದು ಆ ಕೋಡಿನಲ್ಲಿ ಇರೋದಿಲ್ಲ. ಫ್ರೀಜ್ ಫ್ರೇಮ್ ತೆಗೆದೆ. ವೇಗ 19, ಕೂಲಂಟ್ ತಾಪ 58 ಡಿಗ್ರಿ, ಎಂಜಿನ್ ಶುರುವಾಗಿ 40 ನಿಮಿಷ ಆಗಿತ್ತು. ನಲವತ್ತು ನಿಮಿಷ ಓಡಿದ ಎಂಜಿನ್ನು 80 ದಾಟಿರಬೇಕು. ಕೆಳಗೆ, ಇನ್ನೂ ಖಾತ್ರಿಯಾಗದ ಕೋಡುಗಳ ಪಟ್ಟಿಯಲ್ಲಿ ಪಿ0128 ಇತ್ತು. ಕೂಲಂಟು ಥರ್ಮೋಸ್ಟಾಟ್ ಮಟ್ಟಕ್ಕೆ ಬಿಸಿಯಾಗ್ತಿಲ್ಲ ಅಂತ ಅದರ ಅರ್ಥ. ಇನ್ನೊಂದು ಸಾಲು: ಕೋಡು ಅಳಿಸಿದ ಮೇಲೆ ಓಡಿದ ದೂರ, 212 ಕಿಲೋಮೀಟರ್.

"ಇದನ್ನ ಯಾರಾದ್ರೂ ಅಳಿಸಿದ್ರಾ ಮಾವ?"

"ನಾಕೈದು ಸಲ ಬಂದಿತ್ತು ಕಣ್ಲಾ. ಆ ಹುಡುಗ ಏನೋ ಚುಚ್ಚಿ ಆಫ್ ಮಾಡ್ಕೊಡ್ತಾನೆ, ಮುನ್ನೂರು ರೂಪಾಯಿ."

ಅಂದರೆ ಗಾಡಿ ತಿಂಗಳುಗಟ್ಟಲೆ ಇದನ್ನೇ ಹೇಳ್ತಾ ಇತ್ತು, ಇವರು ದುಡ್ಡು ಕೊಟ್ಟು ಬಾಯಿ ಮುಚ್ಚಿಸ್ತಾ ಇದ್ದರು. ಕೆದಕಿದಾಗ ಉಳಿದದ್ದೂ ಹೊರಬಂತು. ಹಿಂದಿನ ಬೇಸಿಗೆಯಲ್ಲಿ ಧರ್ಮಸ್ಥಳಕ್ಕೆ ಹೋಗುವಾಗ ಶಿರಾಡಿಯಲ್ಲಿ ಗಾಡಿ ಕುದ್ದಿತ್ತಂತೆ. ವಾಪಸ್ ಬಂದ ಮೇಲೆ ಮಾವನ ಹಳೇ ಸ್ನೇಹಿತರಾದ ಒಬ್ಬ ಮೇಸ್ತ್ರಿ ಸೋರುತ್ತಿದ್ದ ಹೋಸು ಬದಲಿಸಿ, ಮುಂಜಾಗ್ರತೆಗೆ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಹಾಕಿದ್ದರು.

ಅವರನ್ನ ಬೈಯೋಕೆ ನನಗೆ ಮನಸ್ಸು ಬರಲಿಲ್ಲ. ಅಂಬಾಸಡರು, ಮೆಟಡೋರು, ಜೀಪಿನ ಕಾಲದಲ್ಲಿ ಅದೇ ಜಾಣತನ. ವಾಲ್ವು ಮುಚ್ಚಿಕೊಂಡು ಸಿಕ್ಕಿಹಾಕಿಕೊಂಡರೆ ಎಂಜಿನ್ ಸೀಜ್ ಆಗ್ತಿತ್ತು. ನಮ್ಮ ಬಿಸಿಲಿನ ಊರಲ್ಲಿ ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೇದು, ಅದಿಲ್ಲದೆ ಗಾಡಿ ಆರಾಮಾಗಿ ಓಡ್ತಿತ್ತು. ಬಿಎಸ್ 6 ಗಾಡಿಗೆ ಆ ಬಿಸಿಯೇ ಬೇಕು. ಎಂಜಿನ್ ಬಿಸಿಯಾಗಿಲ್ಲ, ಹಾಗಾಗಿ ಮಸಿ ಸುಡೋದು ಬೇಡ ಅಂತ ಇಸಿಯು ಕಾಯ್ತಾ ಕೂತಿತ್ತು. ಸಾಲದ್ದಕ್ಕೆ ಮಾವ ಟೋಲ್ ಉಳಿಸೋಕೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಸರ್ವೀಸ್ ರೋಡಿನಲ್ಲೇ ಬೆಂಗಳೂರಿಗೆ ಹೋಗ್ತಿದ್ದರು. ತೆವಳೋದು, ನಿಲ್ಲೋದು, ಮತ್ತೆ ತೆವಳೋದು.

ಫಿಲ್ಟರ್ ಕೊರೆಸಿದ್ದರೆ ಏನಾಗ್ತಿತ್ತು? ಬಹುಶಃ ಏನೂ ಆಗ್ತಿರಲಿಲ್ಲ, ಅದೇ ಬೇಜಾರು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಹಾಗೆ ಬದಲಾಯಿಸೋದು ತಪ್ಪು. ಆದರೆ ನಮ್ಮ ಪಿಯುಸಿ ಕೇಂದ್ರದಲ್ಲಿ ಡೀಸೆಲ್ ಗಾಡಿಗೆ ಆಕ್ಸಿಲರೇಟರ್ ಒತ್ತಿಸಿ ಹೊಗೆ ಎಷ್ಟು ದಟ್ಟ ಅಂತ ನೋಡ್ತಾರೆ, ಅಷ್ಟೆ. ನೈಟ್ರೋಜನ್ ಆಕ್ಸೈಡು ಅಳೆಯೋದಿಲ್ಲ. ಅದೇ ಹೊಗೆಯನ್ನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬೈಕ್ ಮೇಲೆ ನಿಂತ ನಾನೂ ನೀವೂ ಕುಡೀತೀವಿ.

ಹೊಸ ಥರ್ಮೋಸ್ಟಾಟಿಗೆ, ಕೂಲಂಟಿಗೆ, ಕೂಲಿಗೆ ಸೇರಿ 4 ಸಾವಿರ ಚಿಲ್ಲರೆ ಆಯಿತು. ಹಾಕಿದವರು ಅದೇ ಮೇಸ್ತ್ರಿ. ಸ್ಕ್ಯಾನರ್ ಇರುವ ಇನ್ನೊಂದು ಕಡೆ ನಿಂತಲ್ಲೇ ಒಮ್ಮೆ ರೀಜನರೇಷನ್ ಮಾಡಿಸಿದೆವು. ಮಸಿ ಇನ್ನೂ ಸುಡಬಹುದಾದ ಮಟ್ಟದಲ್ಲೇ ಇದ್ದದ್ದು ನಮ್ಮ ಪುಣ್ಯ. ಇನ್ನೆರಡು ಸಲ ಕೋಡು ಅಳಿಸಿದ್ದರೆ ಲಕ್ಷದ ಮಾತೇ ನಿಜ ಆಗ್ತಿತ್ತು.

ಮರುದಿನ ಮೂವರೂ ಮೈಸೂರು ಕಡೆ ಎಕ್ಸ್‌ಪ್ರೆಸ್‌ವೇ ಹತ್ತಿದೆವು. ಚನ್ನಪಟ್ಟಣ ದಾಟುವಷ್ಟರಲ್ಲಿ ಲೈಟು ಹತ್ತಲಿಲ್ಲ, ಪಿಕಪ್ಪು ಸರಿಯಾಗಿತ್ತು, ಮಾವ ಮಾತ್ರ ಟೋಲಿನ ದುಡ್ಡು ಲೆಕ್ಕ ಹಾಕ್ತಾನೇ ಇದ್ದರು. ಹಿಂದೆ ಕೂತಿದ್ದ ಮೇಸ್ತ್ರಿ ನನ್ನ ಮೊಬೈಲು ಈಸ್ಕೊಂಡು ತಾಪದ ಅಂಕಿ 85, 86 ಅಂತ ಏರೋದನ್ನೇ ನೋಡ್ತಾ ಕೂತಿದ್ದರು. ಮದ್ದೂರಲ್ಲಿ ವಡೆ ತಿನ್ನೋಕೆ ಇಳಿದಾಗ ಕೇಳಿದರು: "ಈ ಡಬ್ಬಿ ಎಷ್ಟಕ್ಕೆ ಬತ್ತದಪ್ಪ?"