ಆರ್.ಎಂ. ಹಡಪದ: ಡ್ರಾಯಿಂಗ್ ಮಾಸ್ತರರ ಇತಿಹಾಸ ಬರೆಯೋರು ಯಾರು?



ಈ ಸಲ ಏಪ್ರಿಲ್ 14ರ ಜಯಂತಿಗೆ ತಿಕೋಟಾ, ಬಬಲೇಶ್ವರ ಕಡೆ ಓಡಾಡುವಾಗ ನೋಡಿದೆ, ಎಲ್ಲಾ ಕೇರಿಯೊಳಗೂ ಫ್ಲೆಕ್ಸ್ ಬಾಬಾಸಾಹೇಬರೇ. ನಾನು ಸಣ್ಣಾವ ಇದ್ದಾಗ ನಮ್ಮ ಕೇರಿ ಗೋಡೆ ಮೇಲೆ ಅವರನ್ನು ಬಣ್ಣದಾಗ ಬಿಡಿಸಿದವರು ಸಾಲಿಯ ಡ್ರಾಯಿಂಗ್ ಸರ್. ಸರ್ ನಮ್ಮ ಜಾತಿಯವರಲ್ಲ. ಆದರೂ ಎರಡು ದಿನ ಸಂಜೆ ಕೇರಿಗೆ ಬಂದರು, ನಮ್ಮ ಕಟ್ಟಿ ಮೇಲೆ ಕುಂತು ನಮ್ಮವ್ವ ಕೊಟ್ಟ ಚಹಾ ಕುಡಿದರು. ಚಿತ್ರದ ಕೆಳಗೆ ಹೆಸರು ಹಾಕಲಿಲ್ಲ. ಕೇಳಿದ್ದಕ್ಕೆ, "ತಮ್ಮಾ, ಜನ ನೋಡೂದು ಬಾಬಾಸಾಹೇಬರನ್ನ, ನನ್ನಲ್ಲ" ಅಂದರು. ತಮ್ಮ ಕಿಸೆಯಿಂದ ಫೀ ತುಂಬಿ, ನನ್ನನ್ನು ವಿಜಯಪುರಕ್ಕೆ ಕರಕೊಂಡು ಹೋಗಿ ಲೋವರ್ ಗ್ರೇಡ್ ಪರೀಕ್ಷೆಗೆ ಕೂಡಿಸಿದವರೂ ಅವರೇ. ಈಗ ಆ ಗೋಡೆ ಇಲ್ಲ, ಸರ್ ಕೂಡ ಇಲ್ಲ.

ಇಂಥ ಮಾಸ್ತರರ ಇತಿಹಾಸ ಬರೆಯಲು ಕುಂತರೆ ನಮ್ಮ ಭಾಗದಿಂದ ಮೊದಲು ಬರಬೇಕಾದ ಹೆಸರು ಆರ್.ಎಂ. ಹಡಪದ.

ಹುಟ್ಟಿದ್ದು 1936ರಲ್ಲಿ, ಬಾದಾಮಿಯಲ್ಲಿ. ಬಾದಾಮಿ ಈಗ ಬಾಗಲಕೋಟೆ ಜಿಲ್ಲೆ, ಆದರೆ 1997ರ ತನಕ ನಮ್ಮ ವಿಜಾಪುರ ಜಿಲ್ಲೆಯೇ. ಹಡಪದ ಅನ್ನೋದು ನಮ್ಮ ಕಡೆ ಕ್ಷೌರಿಕ ಕಾಯಕದವರ ಹೆಸರು. ಕೇಳಿದ ಕೂಡಲೇ ಬಸವನ ಬಾಗೇವಾಡಿ ತಾಲೂಕಿನ ಮಸಬಿನಾಳದ ಹಡಪದ ಅಪ್ಪಣ್ಣ ನೆನಪಾಗ್ತಾನೆ. ಆ ಹೆಸರು ಹೊತ್ತ ಮನುಷ್ಯ 1960ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಕೆನ್ ಕಲಾ ಶಾಲೆ ಕಟ್ಟಿದರು. ಸ್ವತಃ ಒಳ್ಳೆಯ ಚಿತ್ರಕಾರರು. ಆದರೂ 2003ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬದುಕಿನ ದೊಡ್ಡ ಪಾಲು ಕಲಿಸುವುದಕ್ಕೇ ಹೋಗಿತ್ತು.

ಅದು ಎಲ್ಲಿ ಹೋಯಿತು ಅಂದರೆ ಶಿಷ್ಯರನ್ನು ನೋಡ್ರಿ. ಜೆ.ಎಂ.ಎಸ್. ಮಣಿ ಕೆನ್‌ನಲ್ಲೇ ಕಲಿತು, ಅಲ್ಲೇ ಪ್ರಾಂಶುಪಾಲರಾದರು. ಅವರಿಗೆ ಹೆಸರು ತಂದಿದ್ದು ಬಾದಾಮಿಯ ಜನರ ಚಿತ್ರಗಳು, ಅಂದರೆ ಗುರುವಿನ ಊರಿನ ಜನ. ಶೀಲಾ ಗೌಡ ಕೆನ್‌ನಿಂದ ಶಾಂತಿನಿಕೇತನಕ್ಕೆ, ಅಲ್ಲಿಂದ ಲಂಡನ್‌ಗೆ ಹೋದರು. ಸಗಣಿಯಲ್ಲಿ ಕಲಾಕೃತಿ ಮಾಡಿದರು. 2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಕೂದಲಿನ ಹಗ್ಗ ಇಟ್ಟು ಜಗತ್ತಿಗೆ ತೋರಿಸಿದರು. ಸಗಣಿ, ಕೂದಲು! ಇವನ್ನು ಮುಟ್ಟಿ ದುಡಿದ ಕೈಗಳನ್ನೇ ಈ ಸಮಾಜ ಕೀಳು ಅಂತ ದೂರ ಇಟ್ಟಿದ್ದು.

ನನ್ನ ಮಾತು ಇಷ್ಟೇ. ಜಾತಿ ನಮಗೆ ಕಲಿಸಿದ್ದು ಕೈಕೆಲಸ ಕೀಳು, ಬಾಯಿಪಾಠ ಮೇಲು ಅಂತ. ಸಾಲಿಯೊಳಗೆ ಅದನ್ನು ತಿರುವಿ ಹಾಕೋದು ಡ್ರಾಯಿಂಗ್ ಪೀರಿಯಡ್ ಒಂದೇ. ಮನೆಯಲ್ಲಿ ಚಪ್ಪಲಿ ಹೊಲಿಯೋದು, ಬುಟ್ಟಿ ಹೆಣೆಯೋದು ನೋಡಿ ಬೆಳೆದ ಹುಡುಗನ ಕೈಗೆ ಅಲ್ಲಿ ಮೊದಲ ಸಲ ಶಭಾಶ್ ಸಿಗ್ತದೆ. ಗಣಿತದಾಗ ಹಿಂದೆ ಕುಂತಾವ ಅಲ್ಲಿ ಮುಂದೆ ಬರ್ತಾನೆ. ನಾನು ಹಂಗೇ ಮುಂದೆ ಬಂದಾವ.

"ಹಡಪದರು ದಲಿತರಲ್ಲವಲ್ಲ, ನಿನಗ್ಯಾಕ ಇಷ್ಟು ಕಾಳಜಿ?" ಅಂತ ಕೆಲವರು ಕೇಳಬಹುದು. ಅಲ್ಲ, ಖರೆ. ನಮ್ಮ ಗೋಡೆಗೆ ಬಣ್ಣ ಹಚ್ಚಿದ ಸರ್ ಕೂಡ ದಲಿತರಲ್ಲ. ದುಡಿಯುವ ಕೈಗೆ ಮರ್ಯಾದೆ ಕೊಟ್ಟವರನ್ನು ನೆನೆಯೋದು ನಮ್ಮ ಚಳವಳಿಯ ಕೆಲಸವೇ.

ಇವತ್ತು ಎಷ್ಟೋ ಸರ್ಕಾರಿ ಸಾಲಿಗಳಲ್ಲಿ ಡ್ರಾಯಿಂಗ್ ಮಾಸ್ತರರೇ ಇಲ್ಲ. ದುಡ್ಡಿದ್ದವರ ಮಕ್ಕಳು ಕ್ಲಾಸಿಗೆ ಹೋಗಿ ಕಲೀತಾರೆ, ನಮ್ಮ ಮಕ್ಕಳು ಎಲ್ಲಿಗೆ ಹೋಗಬೇಕು? ಮುಂದಿನ ಜಯಂತಿಗೆ ಒಂದು ಫ್ಲೆಕ್ಸ್ ಕಡಿಮೆ ಮಾಡೋಣ. ಆ ರೊಕ್ಕದಾಗ ಬಣ್ಣ, ಬ್ರಶ್ ತಂದು ಕೇರಿಯ ಮಕ್ಕಳ ಕೈಗೆ ಕೊಡೋಣ. ಖಾಲಿ ಹುದ್ದೆ ತುಂಬ್ರಿ ಅಂತ ಎಲ್ಲರೂ ಕೂಡಿ ಮನವಿ ಕೊಡೋಣ.

ನಿಮಗೆ ಚಿತ್ರ ಕಲಿಸಿದ ಮಾಸ್ತರರ ಬಗ್ಗೆ ನೀವೂ ಬರೀರಿ. ಅವರು ಹೆಸರು ಹಾಕಲಿಲ್ಲ, ನಾವಾದ್ರೂ ಹಾಕೋಣ.

ಜೈ ಭೀಮ್.